ಜೋರಾಗಿ ಬಾರಿಸಿದ ಮೂರು ಭಾನುವಾರ

ಚರ್ಚಿನಲ್ಲಿ ಪಿಟೀಲು ಬಾರಿಸುತ್ತಿದ್ದ ಹುಡುಗಿ ತೀರಿಕೊಂಡು ಎರಡು ತಿಂಗಳಾಗಿತ್ತು. ಮರುದಿನ ಅವಳ ನೆನಪಿನ ಪ್ರಾರ್ಥನೆ. ಚರ್ಚಿನ ಪಕ್ಕದ ಕೋಣೆಯಲ್ಲಿ, ಅಲ್ಲಿ ಆರ್ಗನ್ ಬಾರಿಸುವ ಟೈಲರಮ್ಮ ಹಾಡಿನ ಪುಸ್ತಕಗಳನ್ನು ಜೋಡಿಸುತ್ತಿದ್ದಾಗ ಹುಡುಗಿಯ ತಾಯಿ ಒಂದು ಹಾಳೆ ಹಿಡಿದು ಒಳಗೆ ಬಂದಳು.

“ಅಕ್ಕ, ನಾಳೆ ಪಾದ್ರಿಗಳು ಓದೋದು ಇದು. ನಿಮ್ಮ ಬಗ್ಗೆ ಬರ್ದಿರೋದು ಸರಿ ಇದೆಯಾ, ಒಂಚೂರು ನೋಡಿ.”

ಟೈಲರಮ್ಮ ಕನ್ನಡಕ ಏರಿಸಿಕೊಂಡು ಓದಿದಳು. ‘ಕೊನೆಯ ದಿನಗಳಲ್ಲಿ ನನ್ನ ಮಗಳ ಕೈ ನಡುಗುತ್ತಿದ್ದಾಗ, ಆ ನಡುಕ ಯಾರಿಗೂ ಕೇಳಿಸದಂತೆ ಆರ್ಗನ್ ಜೋರಾಗಿ ಬಾರಿಸಿ ಅವಳ ಮಾನ ಕಾಯ್ದ ಅಕ್ಕನಿಗೆ ನಾನು ಋಣಿ.’

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವವರಿದ್ದಾರೆ. ಹೊಗಳಿದರೂ ಹೆಗಲು ಮುಟ್ಟಿಕೊಳ್ಳುವ ಗತಿ ಟೈಲರಮ್ಮನಿಗೆ ಬಂದಿತ್ತು.

ವಾರವೆಲ್ಲ ಹೊಲಿಗೆ, ಭಾನುವಾರ ಆರ್ಗನ್, ಹೀಗೆ ಇಪ್ಪತ್ತೆರಡು ವರ್ಷ. ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದ ಹುಡುಗಿ ಪಿಟೀಲು ಹಿಡಿದು ಬಂದದ್ದು ಮೂರು ವರ್ಷದ ಹಿಂದೆ. ವಯಸ್ಸಿನಲ್ಲಿ ತಾಯಿ ಮಗಳ ಅಂತರವಿದ್ದರೂ ಇಬ್ಬರಿಗೂ ಗಳಸ್ಯ ಕಂಠಸ್ಯ. “ಅಕ್ಕಾ, ನಿಮ್ಮ ಪೆಟ್ಟಿಗೆಗೆ ಕೆಮ್ಮು ಬಂದಿದೆ, ಕಷಾಯ ಕುಡಿಸಿ” ಎಂದು ಅವಳು ಕಾಲೆಳೆದರೆ, “ನಿನ್ನ ಬೆಕ್ಕಿನ ಬಾಲ ತುಳಿದವರ್ಯಾರೇ?” ಎಂದು ಇವಳು ಪಿಟೀಲಿನತ್ತ ಬೆರಳು ತೋರಿಸುತ್ತಿದ್ದಳು.

ಆಮೇಲೆ ಜನ ಪ್ರಾರ್ಥನೆ ಮುಗಿಸಿ ಹೋಗುವಾಗ ಹುಡುಗಿಯನ್ನು ಮುತ್ತತೊಡಗಿದರು. ಆರ್ಗನ್ ಚೆನ್ನಾಗಿತ್ತು ಎಂದವರು ಒಬ್ಬರೂ ಇಲ್ಲ. ಗೋಡೆಯನ್ನು ಯಾರು ಹೊಗಳುತ್ತಾರೆ? ಟೈಲರಮ್ಮನ ಹೊಟ್ಟೆಯಲ್ಲಿ ಸಣ್ಣಗೆ ಕಿಚ್ಚು ಹತ್ತಿತು.

ಒಂದು ಭಾನುವಾರ ಹುಡುಗಿ ಹತ್ತಿರ ಬಂದು, “ಅಕ್ಕ, ಇವತ್ತು ಸ್ವಲ್ಪ ಮೆಲ್ಲಗೆ ಬಾರಿಸ್ತೀರಾ? ಕೈಯಲ್ಲಿ ಶಕ್ತಿನೇ ಇಲ್ಲ” ಅಂದಳು. ಅವಳ ಮುಂಗೈಯ ಮೇಲೆ ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿದ ನೀಲಿ ಗುರುತಿತ್ತು. ಟೈಲರಮ್ಮ ಅದನ್ನು ಕಂಡಳು. ಕಂಡೂ, “ಪಿಟೀಲು ಕೇಳಿಸ್ದಿದ್ರೆ ಅದು ಆರ್ಗನ್ ತಪ್ಪಲ್ಲಮ್ಮ” ಎಂದು, ಸದ್ದು ಏರಿಸುವ ಹಲಗೆಯನ್ನು ಕಾಲಿನಿಂದ ಪೂರ್ತಿ ಒತ್ತಿದಳು. ಮುಂದಿನ ಎರಡು ಭಾನುವಾರವೂ ಅಷ್ಟೇ. ಹುಡುಗಿಯ ಕಮಾನು ಆಡುತ್ತಿತ್ತು, ಸ್ವರ ಒಂದೂ ಕೇಳಿಸಲಿಲ್ಲ. ನಾಲ್ಕನೆಯ ಭಾನುವಾರ ಅವಳು ಬರಲಿಲ್ಲ.

“ಯಾಕಕ್ಕ, ತಪ್ಪಾಗಿದೆಯಾ?” ಹಾಳೆಯತ್ತ ಬಗ್ಗಿ ತಾಯಿ ಕೇಳಿದಳು.

ಸುಮ್ಮನಿದ್ದರೆ ನಾಳೆ ಸಭೆಯೆಲ್ಲ ತನ್ನತ್ತ ತಿರುಗಿ ನೋಡುತ್ತದೆ. ಇಪ್ಪತ್ತೆರಡು ವರ್ಷ ಬಯಸಿದ್ದು ಅದನ್ನೇ. ಆದರೆ ಸತ್ತವಳ ಹೆಸರಿನಲ್ಲಿ ಅದನ್ನು ಹೇಗೆ ನುಂಗುವುದು?

“ಇದನ್ನ ತೆಗೆದುಬಿಡಮ್ಮ. ನಾನು ಅವಳ ಮಾನ ಕಾಯ್ಲಿಲ್ಲ. ಮೆಲ್ಲಗೆ ಬಾರಿಸಿ ಅಂತ ಬಾಯಿಬಿಟ್ಟು ಕೇಳಿದ್ಲು. ನಾನೇ ಬೇಕೂಂತ ಜೋರಾಗಿ ಬಾರಿಸ್ದೆ. ಎಲ್ಲ್ರೂ ಅವಳನ್ನೇ ಹೊಗಳ್ತಿದ್ರು, ನನಗೆ ತಡೆಯೋಕಾಗ್ಲಿಲ್ಲ.”

ತಾಯಿ ಬೆಂಚಿನ ಮೇಲೆ ಕೂತಳು. “ಆದ್ರೆ ಅವಳೇ ಹೇಳಿದ್ದು ನನಗೆ. ಮನೆಗೆ ಬಂದು, ‘ಅಮ್ಮಾ, ನನ್ನ ಕೈ ನಡುಗಿದ್ದು ಯಾರಿಗೂ ಗೊತ್ತಾಗ್ಲಿಲ್ಲ, ಅಕ್ಕ ಮುಚ್ಚಿಹಾಕಿದ್ರು’ ಅಂತ. ನಗ್ತಾ ಹೇಳಿದ್ಲು.”

ಟೈಲರಮ್ಮ ಹಾಳೆಯನ್ನು ತಾಯಿಯ ಪಕ್ಕದಲ್ಲಿಟ್ಟಳು. ಅಷ್ಟು ನೋವಿನಲ್ಲೂ ಹುಡುಗಿ ತನ್ನನ್ನು ಬಿಟ್ಟುಕೊಟ್ಟಿರಲಿಲ್ಲ. ನಿಂತಲ್ಲೇ ನೆಲ ಬಾಯಿಬಿಡಬಾರದೇ ಅನ್ನಿಸಿತು.

“ನನ್ನ ಮಗಳು ನನ್ನ ಹತ್ರ ಸುಳ್ಳು ಹೇಳಿದ್ಲಾ ಹಾಗಾದ್ರೆ?”

“ನನ್ನಿಂದಾಗಿ ಹೇಳಿದ್ಲು.”

ತಾಯಿ ಚೀಲದಿಂದ ಪೆನ್ನು ತೆಗೆದು ಆ ಸಾಲನ್ನು ಎರಡು ಸಲ ಗೀಚಿ ಎದ್ದಳು.

“ನಾಳೆ ಬಾರಿಸೋಕೆ ಬನ್ನಿ. ನಿಮ್ಮನ್ನ ಬಿಟ್ರೆ ಇಲ್ಲಿ ಇನ್ಯಾರಿಗೂ ಬರಲ್ಲ,” ಎಂದಳು. ಬಾಗಿಲ ಬಳಿ ನಿಂತು, ತಿರುಗದೆಯೇ ಸೇರಿಸಿದಳು: “ಮುಗಿದ್ಮೇಲೆ ನನ್ನನ್ನ ಮಾತಾಡಿಸ್ಬೇಡಿ.”

“ಆಯ್ತಮ್ಮ,” ಅಂದಳು ಟೈಲರಮ್ಮ.