ನಾಲ್ಕನೆಯ ಚುಕ್ಕಿ

ಪರದೆಯ ಮೇಲೆ ಅರ್ಧ ತಲೆಯೇ ಇಲ್ಲ, ಬರೀ ಕಪ್ಪು, ಯಾರೋ ಮಸಿಯ ಹೆಬ್ಬೆಟ್ಟು ಒತ್ತಿದ ಹಾಗೆ, ಶಿಲ್ಪ ಪರದೆಯತ್ತ ಬಾಗಿದಳು — ಗಡ್ಡೆಯೇ, ಒಂದೂವರೆ ವರ್ಷದ ಮಗುವಿಗೆ ಗಡ್ಡೆಯೇ, ಗಾಜಿನಾಚೆ ಮಗಳು ಸಂಯುಕ್ತಾ ಔಷಧದ ನಿದ್ದೆಯಲ್ಲಿದ್ದಾಳೆ, ಯಂತ್ರ ಹೆಬ್ಬಾಳದ ರಸ್ತೆ ಅಗೆಯುವವರ ಹಾಗೆ ಬಡಿಯುತ್ತಿದೆ, ಬೇರೆ ಮಗುವಾದರೆ ಕಿರುಚುತ್ತಿತ್ತು, ಇವಳಿಗೆ ಅದೂ ಕೇಳಿಸದು, ಪಾತ್ರೆ ಬಿದ್ದರೂ ತಿರುಗದವಳು. ಟೆಕ್ನೀಶಿಯನ್ ಮೊಯಿನುದ್ದೀನ್ ಸ್ಕ್ಯಾನ್ ನಿಲ್ಲಿಸಿದ, ಗಡ್ಡೆ ಅಲ್ಲ ಮೇಡಂ, ಮಗು ತಲೆ ಹತ್ರ ಎಲ್ಲೋ ಕಬ್ಬಿಣ ಇದೆ, ಅದಕ್ಕೇ ಚಿತ್ರ ಕೆಟ್ಟಿರೋದು. ಕಬ್ಬಿಣವೇ, ಓಲೆ ಬಿಚ್ಚಿದ್ದಳು, ಗೆಜ್ಜೆ, ಉಡಿದಾರ, ಎಲ್ಲ ಬಿಚ್ಚಿ ಮತ್ತೆ ತಡವಿ ನೋಡಿದ್ದಳು, ಸಂಜೆ ಕಾಲೇಜಿನ ಪರೀಕ್ಷೆಗೆ ಹೋಗುವಾಗ ಹಾಲ್ ಟಿಕೆಟ್ಟನ್ನು ಹೀಗೇ ತಡವುತ್ತಿದ್ದಳು, ಆದರೂ ಏನೋ ಬಿಟ್ಟೇಹೋಗುತ್ತದೆ ಅವಳ ಕೈಯಲ್ಲಿ — ಕುಲಾವಿ! ಒಳಗೆ ಎಸಿ ಕೊರೀತೈತೆ ಅಂತ ಬಾಗಿಲಲ್ಲಿ ಅತ್ತೆ ತೊಡಿಸಿದ ಕುಲಾವಿ, ಬಟ್ಟೆ ತಾನೇ ಅಂತ ಇವಳೂ ಸುಮ್ಮನಿದ್ದಳು. ಹೊರಗೆ ಅತ್ತೆ ಮುನಿಯಲ್ಲಮ್ಮನ ದನಿಯಲ್ಲಿ ಅಳುಕೇ ಇಲ್ಲ, ಗಾಳಿ ಸೋಕ್ಬಾರ್ದು ಅಂತ ಅಂಚಿಗೆ ಲಾಳದ ಚೂರು ಹೊಲ್ದಿದ್ದೆ ಕಣಮ್ಮಿ, ನಿನ್ ಗಂಡನ್ ಕುಲಾವಿಲೂ ಇತ್ತು, ಅವನ್ಗೇನಾಯ್ತು? ಏನೂ ಆಗಲಿಲ್ಲ, ಅವನಿಗೆ ಚೆನ್ನಾಗಿ ಕೇಳಿಸುತ್ತದೆ, ಕೇಳಿಸಿದರೂ ಉತ್ತರ ಕೊಡುವುದಿಲ್ಲ, ಅಷ್ಟೇ. ಅಜ್ಜೀ, ಅದು ದೊಡ್ಡ ಅಯಸ್ಕಾಂತ, ಚೂರು ಹಾರಿ ಕಣ್ಣಿಗೆ ಚುಚ್ಚಿದ್ರೆ ಏನ್ ಮಾಡ್ತಿದ್ರಿ, ಅಂತ ಮೊಯಿನುದ್ದೀನ್. ಅಂಗೆಲ್ಲ ಆರಲ್ಲ ಬಿಡಪ್ಪ, ಕಾಯೋ ಕಬ್ಣ ಅದು.

ಕುಲಾವಿ ಹೊರಗೆ, ಮತ್ತೆ ಬಡಿತ, ಮಗು ಎಚ್ಚರಾದರೆ ಎಲ್ಲ ವ್ಯರ್ಥ, ಇನ್ನೊಮ್ಮೆ ಔಷಧ ಬೇಡ ದೇವರೇ, ಅತ್ತೆಯನ್ನು ಬೈಯಬೇಕಿತ್ತು, ಬೈಯಲು ಒಬ್ಬರಿರುವುದೂ ಒಂದು ಸಮಾಧಾನ — ಈಗ ಪರದೆ ತಿಳಿಯಾಯಿತು, ಕಿವಿಯೊಳಗೆ ಅಕ್ಕಿಕಾಳಿನಷ್ಟು ಬಸವನಹುಳು, ಎರಡೂವರೆ ಸುತ್ತು, ಬೆಳ್ಳಗೆ, ಎಷ್ಟು ಚಂದ, ಚಂದವಾಗಿದ್ದರೆ ಕೇಳಿಸಬೇಕಲ್ಲವೇ, ಇಲ್ಲ, ಡಾಕ್ಟರು ಹೇಳಿದ್ದರು, ಹುಳು ಸರಿಯಿದ್ದರೆ ಸಾಲದಮ್ಮ, ಅಲ್ಲಿಂದ ಮಿದುಳಿಗೆ ನರ ಇರಬೇಕು, ನರ ಹಾಯೋ ದಾರಿ ಬಿಳೀ ದುಂಡಗೆ ಕಾಣುತ್ತೆ, ಒಳಗೆ ನಾಲ್ಕು ಕಪ್ಪು ಚುಕ್ಕಿ, ಮುಂದಿನ ಕೆಳಗಿನದು ಕೇಳಿಸಿಕೊಳ್ಳೋ ನರ, ಒಂದು ಕಿವೀಲಿ ಅದಿದ್ರೂ ಸಾಕು, ಆಪರೇಷನ್ ಮಾಡಿ ಯಂತ್ರ ಕೂರಿಸಬಹುದು. ಎಡಗಿವಿ ಬಂತು, ಬಿಳಿ ದುಂಡು, ಮೇಲೆರಡು ಚುಕ್ಕಿ, ಕೆಳಗೆ ಒಂದು, ಮುಂದೆ — ಕಣ್ಣು ಒರೆಸಿಕೊಂಡಳು, ತನಗೆ ಏನು ಗೊತ್ತು, ತಪ್ಪು ಎಣಿಸಿರಬೇಕು, ಎಣಿಕೆಯಲ್ಲಿ ಯಾವಾಗಲೂ ತಪ್ಪುವವಳು. ಮೊಯಿನುದ್ದೀನ್ ಯಾಕೆ ಅದೇ ಚಿತ್ರವನ್ನು ಮತ್ತೆ ಮತ್ತೆ ದೊಡ್ಡದು ಮಾಡುತ್ತಿದ್ದಾನೆ, ಅದೊಂದು ಕಾಣ್ತಿಲ್ಲ ಅಲ್ವಾ ಅಣ್ಣ, ನಾವು ಹೇಳೋ ಹಂಗಿಲ್ಲ ಮೇಡಂ, ಡಾಕ್ಟರೇ ನೋಡ್ಬೇಕು. ಅವನು ಅವಳತ್ತ ತಿರುಗಲಿಲ್ಲ. ಬಾಗಿಲ ಸಂದಿಯಿಂದ ಅತ್ತೆ, ಕೂಸಿನ ಕಿವಿ ಕಾಣ್ತಾ ಮಗಳೇ? ಕಾಣ್ತಿದೆ ಅತ್ತೆ, ಎಲ್ಲ ಚೆನ್ನಾಗೇ ಕಾಣ್ತಿದೆ, ಬಲಗಿವಿ ಬರುತ್ತಿದೆ, ಹುಳು, ಸುತ್ತು, ಬಿಳಿ ದುಂಡು, ಮೇಲೆರಡು, ಕೆಳಗೆ ಒಂದು, ಮುಂದೆ ಬಿಳಿ, ಬರೀ ಬಿಳಿ,