ಸೋಸಿದ ನೀರು

ಅಗ್ರಹಾರದ ಆ ಸಣ್ಣ ಬಸದಿಯ ಬಾವಿಯಲ್ಲಿ ಬೆಳಗ್ಗೆ ಎದ್ದು ನೀರು ಸೇದುವವರು ಮರುದೇವಮ್ಮ. ಮಡಿಯುಟ್ಟು, ಕೊಡದ ಬಾಯಿಗೆ ಬಿಳಿ ಬಟ್ಟೆ ಕಟ್ಟಿ ಸೋಸುವರು. ಆಮೇಲೆ ಆ ಬಟ್ಟೆ ಜಾಲಿಸಿದ ನೀರನ್ನು ಕಟ್ಟೆಯ ಮೇಲಿಂದಲೇ ಬಾವಿಗೆ ಸುರಿಯುತ್ತಿರಲಿಲ್ಲ. ಅದರಲ್ಲಿ ಕಣ್ಣಿಗೆ ಕಾಣದ ಜೀವಗಳಿರುತ್ತವಲ್ಲ, ಅವಕ್ಕೆ ಏಟಾಗಬಾರದೆಂದು ಸಣ್ಣ ಬಿಂದಿಗೆಯಲ್ಲಿ ತುಂಬಿ, ಹಗ್ಗ ಬಿಟ್ಟು, ಬಾವಿಯ ನೀರಿಗೆ ತಾಕುವವರೆಗೂ ಇಳಿಸಿ ಮೆಲ್ಲಗೆ ಬಗ್ಗಿಸುವರು. ಅವಸರ ಎನ್ನುವುದು ಆಕೆಯ ಜಾತಕದಲ್ಲೇ ಇರಲಿಲ್ಲ. ಸೋಸಿದ ಆ ನೀರಿನಲ್ಲೇ ಸ್ವಾಮಿಗೆ ದಿನದ ಅಭಿಷೇಕ. ಅದನ್ನು ಮುಂದೆ ನಿಂತು ಮಾಡಿಸುವವರು ಅವರ ಅಣ್ಣ, ಬಸದಿಯ ಹಿರಿಯರಾದ ಧರಣೇಂದ್ರಯ್ಯ.

ಆದರೆ ಆ ನೀರನ್ನು ಸ್ವಾಮಿಗೆ ಎರೆಯುವ ಭಾಗ್ಯ ಮಾತ್ರ ಮರುದೇವಮ್ಮನಿಗಿರಲಿಲ್ಲ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವರು. ಬೇರೆ ಕಡೆ ಹೇಗೋ ಏನೋ, ಈ ಬಸದಿಯಲ್ಲಿ ಹೆಂಗಸರ ಪೈಕಿ ಮುತ್ತೈದೆಯರಷ್ಟೇ ಕಳಶ ಹಿಡಿಯಬೇಕೆಂಬುದು ರೂಢಿ. ಯಾರು ಮಾಡಿದರೋ, ಎಲ್ಲಿ ಬರೆದಿದೆಯೋ, ಕೇಳಿದವರಿಲ್ಲ. ಮಹಾವೀರ ಜಯಂತಿ ಬಂದಾಗಲೆಲ್ಲ ಮರುದೇವಮ್ಮ ಒಂದೇ ಒಂದು ಸಲ ಎರೆಯಲೇ ಎಂದು ಅಣ್ಣನನ್ನು ಕೇಳುವರು. ನಾಲ್ಕು ಜನ ಏನಂದಾರು, ಮುಂದಿನ ವರ್ಷ ನೋಡೋಣ ಎಂದು ಧರಣೇಂದ್ರಯ್ಯ ಜಾರಿಕೊಳ್ಳುವರು. ಒಳಗೊಳಗೇ ಅವರಿಗೂ ಅಯ್ಯೋ ಪಾಪ ಅನ್ನಿಸುತ್ತಿತ್ತು. ಅನ್ನಿಸಿ ಏನು ಬಂತು, ಬಾಯಿ ಬಿಡಲಿಲ್ಲವಲ್ಲ!

ಈ ಸಲ ಸಂಕ್ರಾಂತಿ ಕಳೆದ ಮೇಲೆ ಮರುದೇವಮ್ಮನಿಗೆ ಲಕ್ವ ಹೊಡೆಯಿತು. ಜೀವ ಉಳಿಯಿತು, ಬಲಗೈ ಹೋಯಿತು. ನೀರಿನ ಕೆಲಸ ಧರಣೇಂದ್ರಯ್ಯನವರ ಪಾಲಿಗೆ ಬಂತು. ಮೊದಲ ದಿನ ಬಟ್ಟೆ ಜಾಲಿಸಿದ ನೀರನ್ನು ಕಟ್ಟೆಯ ಮೇಲಿಂದಲೇ ಸುರಿಯಲು ಹೋದವರು ಹಾಗೇ ನಿಂತುಬಿಟ್ಟರು. ಕಾಣದ ಜೀವಕ್ಕೂ ನೋವಾಗಬಾರದೆಂದು ಬಾಳಿದವಳು ತಂಗಿ. ಕಣ್ಣೆದುರಿಗಿದ್ದ ಜೀವವನ್ನು ತಾನು ವರ್ಷ ವರ್ಷವೂ ನೋಯಿಸಿದೆನಲ್ಲ! ಬಾವಿಕಟ್ಟೆ ಹಿಡಿದು ಅತ್ತರು.

ಜಯಂತಿಯ ದಿನ ತಂಗಿಯನ್ನು ಆಟೋದಲ್ಲಿ ಕರೆತಂದು, ಅಭಿಷೇಕದ ಪೀಠದ ಮುಂದೆ ಕುರ್ಚಿ ಹಾಕಿ ಕೂರಿಸಿದರು. ಕಮಿಟಿಯ ಶಾಂತಿರಾಜಯ್ಯ ಹತ್ತಿರ ಬಂದರು.

"ಇದೇನ್ರೀ ಹೊಸ ಪದ್ಧತಿ? ಹಿರೀಕರು ನಡೆಸ್ಕೊಂಡು ಬಂದಿದ್ದನ್ನ ನಾವು ಬಿಡೋಕಾಗುತ್ತಾ? ಇವತ್ತು ಇದು, ನಾಳೆ ಇನ್ನೊಂದು."

"ಇಷ್ಟು ವರ್ಷ ಸ್ವಾಮಿ ಮೈಮೇಲೆ ಬಿದ್ದಿದ್ದು ಇವಳು ಸೇದಿದ ನೀರೇ ಕಣ್ರೀ. ಅದನ್ನ ಯಾರೂ ಬೇಡ ಅನ್ನಲಿಲ್ಲ."

ಹಾಗೆಂದು ಧರಣೇಂದ್ರಯ್ಯ ಕಳಶವನ್ನು ತಂಗಿಯ ಕೈಗಿಟ್ಟರು. ಎಡಗೈ ಒಂದಕ್ಕೇ ಭಾರ ತಡೆಯಲಿಲ್ಲ, ಬಲಗೈ ಮೇಲೇಳಲಿಲ್ಲ. ಜಾರಿದ ಕಳಶವನ್ನು ಅಣ್ಣನೇ ಹಿಡಿದುಕೊಂಡರು. ತಾನೂ ಕೈ ಜೋಡಿಸುತ್ತೇನೆಂದರೆ ಮರುದೇವಮ್ಮ ಬೇಡವೆಂದು ತಲೆಯಾಡಿಸಿಬಿಟ್ಟರು.

"ಹೋದ ವರ್ಷ ಕೊಟ್ಟಿದ್ರೆ ಹಿಡೀತಿದ್ದೆ ಅಣ್ಣ," ಎಂದರು ತೊದಲುತ್ತಾ.

ಮರುದೇವಮ್ಮ ಕಂಬದ ಕಡೆ ತಿರುಗಿದರು. ಅಲ್ಲಿ ನಿಂತಿದ್ದವಳು ಸುಚಿತ್ರಾ, ಶಾಂತಿರಾಜಯ್ಯನವರ ಸೊಸೆ. ಗಂಡ ತೀರಿಕೊಂಡ ಮೇಲೆ ಆ ಕಂಬ ದಾಟಿ ಬಂದವಳಲ್ಲ.

"ಸುಚಿತ್ರಾಗೆ ಕೊಡಣ್ಣ. ಅವಳ ಕೈ ಇನ್ನೂ ಗಟ್ಟಿಯಾಗಿದೆ."

ಧರಣೇಂದ್ರಯ್ಯ ಈ ಸಲ ಯಾರ ಮುಖವನ್ನೂ ನೋಡಲಿಲ್ಲ. ಹೋಗಿ ಕಳಶ ಚಾಚಿದರು. ಶಾಂತಿರಾಜಯ್ಯ ಏನೋ ಹೇಳಲು ಹೊರಟವರು, ಸೊಸೆಯ ಕಣ್ಣು ನೋಡಿ, ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಸುಚಿತ್ರಾ ಎರೆದಳು.

ಅಭಿಷೇಕದ ಗಂಧೋದಕವನ್ನು ಎಲ್ಲರೂ ಹಣೆಗೆ ಹಚ್ಚಿಕೊಂಡರು. ಧರಣೇಂದ್ರಯ್ಯ ತಂಗಿಯ ಹಣೆಗೆ ಹಚ್ಚಿ, ಆಮೇಲೆ ಅವಳ ಬಲಗೈ ಎತ್ತಿಕೊಂಡು ಬೆರಳುಗಳಿಗೂ ಹಚ್ಚಿದರು. ಒದ್ದೆಯಾದದ್ದು ಆ ಕೈಗೆ ತಿಳಿಯಲಿಲ್ಲ.