ಮಣಿಕಟ್ಟಿನ ಗೆರೆ

ಪೆನಾಲ್ಟಿ ಕಾರ್ನರ್ ಸಿಕ್ಕಾಗ ಒಬ್ಬಳು ಅಂಚಿನಿಂದ ಚೆಂಡು ತಳ್ಳುತ್ತಾಳೆ, ಒಬ್ಬಳು ಅದನ್ನು ತಡೆದು ನಿಲ್ಲಿಸುತ್ತಾಳೆ, ಇನ್ನೊಬ್ಬಳು ಹೊಡೆಯುತ್ತಾಳೆ. ಚಪ್ಪಾಳೆಯೆಲ್ಲ ಹೊಡೆದವಳಿಗೆ. ಆಸ್ಪತ್ರೆಯಲ್ಲಿ ಎಲ್ಲರೂ ಎಕ್ಸ್‌ರೇ ಅಕ್ಕ ಎಂದು ಕರೆಯುವ ಆಕೆಗೆ ಹಾಕಿಯ ಬಗ್ಗೆ ಗೊತ್ತಿದ್ದದ್ದು ಹೆಚ್ಚುಕಡಿಮೆ ಇಷ್ಟೇ. ಹೊಟ್ಟೆ ಉರಿಸಿಕೊಳ್ಳಲು ಅಷ್ಟು ಸಾಕಾಗಿತ್ತು. ನಿಲ್ಲಿಸುವವಳು ಅವಳ ಮಗಳು. ಹೊಡೆಯುವವಳು ಅಣ್ಣನ ಮಗಳು.

ಕೋಲಿಗೆ ಚೆಂಡು ಅಂಟಿಕೊಂಡಂತೆ ನಿಲ್ಲುತ್ತಿದ್ದುದರಿಂದ ಮಗಳಿಗೆ ತಂಡದವರು ಗೋಂದು ಎಂದು ಹೆಸರಿಟ್ಟಿದ್ದರು. ಅಣ್ಣನ ಮಗಳು ಪಟಾಕಿ. ಜನ ಯಾರ ಕಡೆ ತಿರುಗಿ ನೋಡುತ್ತಾರೆಂದು ಹೆಸರೇ ಹೇಳುತ್ತಿತ್ತು. ಕ್ರೀಡಾ ಹಾಸ್ಟೆಲಿನಲ್ಲಿ ಈ ತಂಡಕ್ಕೆ ಇದ್ದದ್ದು ಒಂದೇ ಜಾಗ. ಕೋಚ್ ಪಟಾಕಿಯನ್ನು ಆರಿಸಿ, ಅವಳು ಬರದಿದ್ದರೆ ಗೋಂದು ಎಂದರು. ಆ 'ಬರದಿದ್ದರೆ' ಎಂಬ ಮಾತು ಎಕ್ಸ್‌ರೇ ಅಕ್ಕನ ತಲೆಯೊಳಗೆ ಕೂತುಬಿಟ್ಟಿತು.

ಅಣ್ಣ ಅತ್ತಿಗೆ ಇಬ್ಬರೂ ಸೇರಿ ನಡೆಸುತ್ತಿದ್ದದ್ದು ಬಟ್ಟೆ ಡ್ರೈಕ್ಲೀನ್ ಮಾಡುವ ಅಂಗಡಿ. ಅವಳು ಡ್ಯೂಟಿ ಮುಗಿಸಿ ಅಲ್ಲಿಗೆ ಹೋದಾಗ ಅಣ್ಣ ಹಬೆಯ ಮಧ್ಯೆ ಯಾರದೋ ಕೋಟಿನ ತೋಳು ನೇರ ಮಾಡುತ್ತಿದ್ದ.

"ಹಾಸ್ಟೆಲಲ್ಲಿ ಬೆಳಿಗ್ಗೆ ಓಟ, ಸಂಜೆ ಆಟ, ಮಧ್ಯೆ ನಿದ್ದೆ," ಎಂದ. "ಪುಸ್ತಕ ಯಾವಾಗ ತೆಗೀತಾಳೆ?"

"ಮನೇಲಿದ್ದು ತೆಗೆದು ಉದ್ಧಾರ ಆದ್ಲಲ್ಲ," ಎಂದಳು ಅತ್ತಿಗೆ, ಶರ್ಟಿಗೆ ಚೀಟಿ ಚುಚ್ಚುತ್ತ.

"ದೊಡ್ಡವಳಾದ ಮೇಲೆ ತಂಡಕ್ಕೆ ಬೇಡ ಅಂದ್ರೆ? ಆಗ ಓದೂ ಇಲ್ಲ, ಆಟಾನೂ ಇಲ್ಲ."

"ನಿಮ್ಮನ್ನ ಯಾವ ತಂಡದವರೂ ಕರೀಲಿಲ್ಲ. ಆದ್ರೂ ಬದುಕಿಲ್ವಾ?"

ಅಣ್ಣ ನಕ್ಕು ತಂಗಿಯ ಕಡೆ ತಿರುಗಿದ. "ನೀನೇನಂತೀಯಾ?"

"ಆಟ ಆಟದ ಹಾಗಿದ್ರೆ ಚೆಂದ ಅಣ್ಣ," ಎಂದಳು. ಅದೇ ಬೆಳಿಗ್ಗೆ ಗೋಂದು ಹಾಸಿಗೆಯಿಂದ ಏಳಲು ಮೈಗಳ್ಳತನ ಮಾಡಿದ್ದಕ್ಕೆ, ಆಟ ಅಂದ್ರೆ ತಮಾಷೆ ಅಂದ್ಕೊಂಡಿದೀಯಾ ಎಂದು ಹೊದಿಕೆ ಕಿತ್ತವಳು ಇವಳೇ. ಯಾರ ಮಗಳು ಎಂಬುದರ ಮೇಲೆ ಅವಳ ಅಭಿಪ್ರಾಯ ಮಗ್ಗಲು ಬದಲಾಯಿಸುತ್ತಿತ್ತು.

ಹಾಸ್ಟೆಲಿನವರು ವಯಸ್ಸಿನ ಖಾತ್ರಿಗೆ ಮಣಿಕಟ್ಟಿನ ಎಕ್ಸ್‌ರೇ ಕೇಳಿದ್ದರು. ಅಣ್ಣ ಬೇರೆಲ್ಲಿಗೆ ಹೋದಾನು? ಮಾರನೇ ದಿನ ಅತ್ತಿಗೆ ಪಟಾಕಿಯನ್ನು ಕರೆದುಕೊಂಡು ಬಂದಳು. ಎಕ್ಸ್‌ರೇ ಅಕ್ಕ ಹುಡುಗಿಯ ಕೈಯನ್ನು ಎಕ್ಸ್‌ರೇ ಪ್ಲೇಟಿನ ಮೇಲೆ ಚಪ್ಪಟೆಯಾಗಿಟ್ಟು ಬೆರಳುಗಳನ್ನು ಬಿಡಿಸಿದಳು. ಅಂಗೈ ಒರಟಾಗಿತ್ತು, ಮಗಳದೂ ಹಾಗೆಯೇ.

ಫಿಲ್ಮ್ ಹೊರಬಂದಾಗ ಅತ್ತಿಗೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಮಣಿಕಟ್ಟಿನ ಹತ್ತಿರ, ಮೂಳೆಗೆ ಅಡ್ಡಲಾಗಿ, ಕಪ್ಪು ಗೆರೆ.

"ಇದೇನಿದು? ಬಿರುಕಾ? ಹೋದ ತಿಂಗಳು ಬಿದ್ದಿದ್ಲಲ್ಲ ಇದೇ ಕೈ ಮೇಲೆ."

ಅದು ಬಿರುಕಲ್ಲ. ಬೆಳೆಯುವ ಮಕ್ಕಳ ಮೂಳೆಯಲ್ಲೆಲ್ಲ ಇರುವ ಗೆರೆ. ಮೂಳೆ ಉದ್ದವಾಗುವುದೇ ಅಲ್ಲಿಂದ. ಫಿಲ್ಮ್ ನೋಡಿ ಹೆದರಿದ ತಾಯಂದಿರಿಗೆ ಅವಳು ದಿನಾ ಹೇಳುವ ಮಾತು ಇದು. ಬಾಯಿ ತೆರೆದಳು. ಹೊರಗೆ ಬಂದದ್ದು ಬೇರೆ.

"ನಾನು ಡಾಕ್ಟರಲ್ಲ ಅತ್ತಿಗೆ. ನಾವು ಫಿಲ್ಮ್ ತೆಗೀಬೇಕಷ್ಟೇ, ಏನೂ ಹೇಳೋ ಹಾಗಿಲ್ಲ."

ಆಸ್ಪತ್ರೆಯ ನಿಯಮವೂ ಅದೇ. ಗೋಡೆಗೆ ಅಂಟಿಸಿಟ್ಟಿದ್ದರು. ಅಷ್ಟು ವರ್ಷ ಅದನ್ನು ಕ್ಯಾರೇ ಅನ್ನದವಳು ಅಂದು ಅದರ ಹಿಂದೆ ಅಡಗಿ ನಿಂತಳು. ಅತ್ತಿಗೆ ಅವಳ ಮುಖವನ್ನೇ ನೋಡಿದಳು. ಮನೆಯವರು ಸುಮ್ಮನಾದರೆಂದರೆ ಕೆಟ್ಟ ಸುದ್ದಿ ಎಂದೇ ಅರ್ಥಮಾಡಿಕೊಂಡಿರಬೇಕು. ಮತ್ತೇನೂ ಕೇಳದೆ ಮಗಳ ಕೈ ಹಿಡಿದು ನಡೆದಳು.

"ನೋಯ್ತಾನೇ ಇಲ್ಲಮ್ಮ," ಎನ್ನುವ ಪಟಾಕಿಯ ದನಿ ಕಾರಿಡಾರಿನುದ್ದಕ್ಕೂ ಕೇಳಿಸಿತು.

ಸಂಜೆ ಅಣ್ಣನ ಫೋನ್. "ಬೇಡ ಅಂದ್ಬಿಟ್ಟೆ ಕಣೇ ಕೋಚಿಗೆ. ಕೈನೇ ಹೋದ್ಮೇಲೆ ಕೋಲು ಹಿಡ್ಕೊಂಡು ಏನ್ಮಾಡ್ತಾಳೆ. ಪರೀಕ್ಷೆ ಮುಗೀಲಿ, ಮೂಳೆ ಡಾಕ್ಟರಿಗೆ ತೋರಿಸ್ತೀವಿ." ಆಮೇಲೆ, "ಗೋಂದುಗೆ ಸಿಗಲಿ ಬಿಡು. ನಮ್ಮ ಮನೇದೇ ತಾನೇ," ಎಂದ. ಆ ಮಾತಿಗೇ ಅವಳಿಗೆ ಮೈಯೆಲ್ಲ ಉರಿಯಿತು. ಕಳೆದುಕೊಂಡಾಗಲೂ ದೊಡ್ಡತನ ಅವರದೇ ಆಗಬೇಕೇ?

ಗೋಂದುವಿನ ಎಕ್ಸ್‌ರೇಗೆ ಪಟಾಕಿಯೂ ಜೊತೆಗೆ ಬಂದಳು. ಇಬ್ಬರದೂ ಒಂದೇ ಸೈಕಲ್. ಗೋಂದು ಮೇಜಿನ ಮೇಲೆ ಕೈ ಇಟ್ಟು ಕೂತಳು. ಪಟಾಕಿ ಕಿರಣ ತಡೆಯುವ ಸೀಸದ ಗಾಜಿನ ಹಿಂದೆ ಅತ್ತೆಯ ಹೆಗಲಿಗೆ ಹೆಗಲು ತಾಗಿಸಿ ನಿಂತಳು. ಪರದೆಯ ಮೇಲೆ ಕೈ ಮೂಡಿತು. ಬೆಳ್ಳನೆಯ ಬೆರಳುಗಳು, ಮಣಿಕಟ್ಟು, ಅದೇ ಕಪ್ಪು ಗೆರೆ. ಪಟಾಕಿಯನ್ನು ಹೊರಗೆ ಕೂರಿಸಬೇಕಿತ್ತೆಂದು ಎಕ್ಸ್‌ರೇ ಅಕ್ಕನಿಗೆ ಹೊಳೆದದ್ದು ಆಗ.

"ಅತ್ತೆ, ಇವಳಿಗೂ ಬಿರುಕಾ?" ಪಟಾಕಿಯ ದನಿ ನಡುಗಿತು. "ಲೇ ಗೋಂದು, ಬಾರೇ ಇಲ್ಲಿ. ನಿನ್ನದೂ ಹೋಗಿದೆ."

ಆ ದನಿಯಲ್ಲಿ ಸಂತೋಷದ ಒಂದು ಎಳೆಯಾದರೂ ಸಿಗುತ್ತದೆಯೇ ಎಂದು ಅವಳು ಕಿವಿಗೊಟ್ಟಳು. ಸಿಗಲಿಲ್ಲ. ಗೋಂದು ಓಡಿಬಂದು ಪರದೆ ನೋಡಿ ಬಿಳಿಚಿಕೊಂಡಳು.

"ಅಮ್ಮ, ನಾನು ಬಿದ್ದೇ ಇಲ್ವಲ್ಲ."

ನಾನು ಡಾಕ್ಟರಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಆಡಿದರೆ ಮಗಳು ಅಳುತ್ತಾಳೆ, ಆಡದಿದ್ದರೆ ನಿಜ ಹೇಳಬೇಕು.

"ಬಿರುಕಲ್ಲ," ಎಂದಳು. "ಬೆಳೆಯೋ ಗೆರೆ. ನಿಮ್ಮ ವಯಸ್ಸಲ್ಲಿ ಎಲ್ಲರಿಗೂ ಇರುತ್ತೆ."

"ಹಾಗಾದ್ರೆ ನಂದು?" ಎಂದಳು ಪಟಾಕಿ.

"ನಿಂದೂ ಅದೇ."

ಪಟಾಕಿ ಗೋಂದುವನ್ನು ಬಾಚಿ ತಬ್ಬಿಕೊಂಡಳು. ಗೋಂದು ಅವಳ ಭುಜದ ಮೇಲಿಂದ ಅಮ್ಮನನ್ನು ನೋಡುತ್ತಿದ್ದಳು, ದೂರದಿಂದ ಉರುಳಿ ಬರುವ ಚೆಂಡನ್ನು ನೋಡುವ ಹಾಗೆ.

"ಆವತ್ತೇ ಗೊತ್ತಿತ್ತಾ ಅಮ್ಮ?"

ಗೋಂದು ತಬ್ಬಿದ ತೋಳುಗಳಿಂದ ಬಿಡಿಸಿಕೊಂಡು, ಕಂಪ್ಯೂಟರಿನ ಪಕ್ಕದಲ್ಲಿದ್ದ ಫೋನನ್ನು ತೆಗೆದು ಅಮ್ಮನ ಮುಂದೆ ಹಿಡಿದಳು.

"ಮಾವನಿಗೆ ಮಾಡು."

"ಮಾಡಿದ್ರೆ ಜಾಗ ಹೋಗುತ್ತೆ ಕಣೇ," ಎಂದಳು, ಪಟಾಕಿಗೆ ಕೇಳಿಸದಷ್ಟು ಮೆಲ್ಲಗೆ.

"ನಂದಾಗಿದ್ದು ಯಾವಾಗ?"

ಅವಳು ಅಂಗಡಿಯ ನಂಬರ್ ಒತ್ತಿದಳು. ಆ ಕಡೆ ರಿಂಗಾಗುತ್ತಿದ್ದಾಗ ಅವಳ ಇನ್ನೊಂದು ಕೈ ತಾನಾಗಿಯೇ ಕಂಪ್ಯೂಟರಿನಿಂದ ಪಟಾಕಿಯ ಚಿತ್ರವನ್ನೂ ತೆಗೆದು ಮಗಳದರ ಪಕ್ಕದಲ್ಲಿಟ್ಟಿತು. ಅಣ್ಣನ ಮಗಳ ಗೆರೆ ಕೂದಲೆಳೆಯಷ್ಟು ಹೆಚ್ಚು ಅಗಲವಾಗಿತ್ತು. ಇವಳಿನ್ನೂ ಎತ್ತರ ಬೆಳೆಯುತ್ತಾಳೆ, ನನ್ನವಳಿಗಿಂತ, ಎಂದುಕೊಂಡಳು.

"ಹಲೋ," ಎಂದಳು ಅತ್ತಿಗೆ. ಹಿಂದೆ ಇಸ್ತ್ರಿಯ ಹಬೆ ಬುಸ್ಸೆನ್ನುತ್ತಿತ್ತು. "ಹೇಳಮ್ಮ. ಗೋಂದುದು ಚೆನ್ನಾಗಿ ಬಂತಾ?"